ಕರುಳಿಗೆ ಮದ್ದು, ಲಿವರಿಗೆ ಕುತ್ತು!

ಮಲದಲ್ಲಿ ರಕ್ತ ಬಿತ್ತೆಂದರೆ ಮಲೆನಾಡಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ ಮಾತು: ಮೂಲವ್ಯಾಧಿ. ಆರು ತಿಂಗಳು ನಾಟಿ ಮದ್ದು, ಮತ್ತಾರು ತಿಂಗಳು ಪಥ್ಯ. ಆಳು ಅರ್ಧವಾದ ಮೇಲೆ ಕಳಸದವರು ಕುದುರೆಮುಖದ ದಾರಿ ಹಿಡಿದು ಮಣಿಪಾಲಕ್ಕೆ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಕೊಳವೆ ಹಾಕಿ ನೋಡಿದಾಗ ಕೆಲವರಿಗೆ ಗೊತ್ತಾಗುತ್ತೆ, ಇದು ಮೂಲವ್ಯಾಧಿಯೇ ಅಲ್ಲ; ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತ. ವರ್ಷಗಟ್ಟಲೆ ಮದ್ದು ನುಂಗಬೇಕಾದ ಕಾಯಿಲೆ.

ಪತ್ತೆಯಾಯಿತು, ಮದ್ದೂ ಸಿಕ್ಕಿತು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಕರುಳನ್ನು ಸುಡುವ ರೋಗವಿದು. ಆ ಶಕ್ತಿಯನ್ನು ಕುಗ್ಗಿಸಲೆಂದೇ ಪ್ರೆಡ್ನಿಸೊಲೋನ್, ಅಜಥಯೋಪ್ರಿನ್, ರೋಗ ಜೋರಾದರೆ ಇನ್‌ಫ್ಲಿಕ್ಸಿಮ್ಯಾಬ್ ಕೊಡುತ್ತಾರೆ. ಕಾವಲುಗಾರನ ಕೈ ಕಟ್ಟಿದ ಹಾಗೆ. ಲಿವರಿನಲ್ಲಿ ಸದ್ದಿಲ್ಲದೆ ಮಲಗಿದ್ದ ಹೆಪಟೈಟಿಸ್ ಬಿ ವೈರಸ್ ಆಗ ಎದ್ದು ಕೂರಬಹುದು. ಹುಟ್ಟುವಾಗ ತಾಯಿಯಿಂದಲೋ, ಯಾವ ಕಾಲದ್ದೋ ಕುದಿಸದ ಸೂಜಿಯಿಂದಲೋ, ಕ್ಷೌರದ ಬ್ಲೇಡಿನಿಂದಲೋ ಬಂದದ್ದು, ಹೊತ್ತವನಿಗೇ ಅರಿವಿರುವುದಿಲ್ಲ. ಕಣ್ಣು ಹಳದಿಯಾದರೆ ಮತ್ತೆ ಕಾಮಾಲೆಯ ಸೊಪ್ಪಿನ ರಸ! ಹೀಗೆ ಲಿವರ್ ಕೈಕೊಟ್ಟು ಪ್ರಾಣವೇ ಹೋದದ್ದು ವೈದ್ಯಲೋಕಕ್ಕೆ ಹೊಸದಲ್ಲ.

ತಪ್ಪಿಸುವುದು ಅಷ್ಟು ಕಷ್ಟವೇ? ಮದ್ದು ಶುರುವಾಗುವ ಮೊದಲೇ ರಕ್ತ ಪರೀಕ್ಷೆಯಾಗಬೇಕು: ವೈರಸ್ ಈಗ ಇದೆಯೇ, ಹಿಂದೆ ಬಂದು ಹೋಗಿದೆಯೇ? ಇದ್ದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯ ಕಾವಲಿಟ್ಟು ಕರುಳಿನ ಚಿಕಿತ್ಸೆ ನಡೆಸಬಹುದು. ಹೆದರಿ ಕರುಳಿನ ಮದ್ದನ್ನು ತಾವೇ ನಿಲ್ಲಿಸಿಬಿಡುವುದು ಇನ್ನೊಂದು ಅನಾಹುತ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ತಪಾಸಣೆಯೂ ಮಾತ್ರೆಯೂ ಉಚಿತ. ಸಿ ಬಗೆಗೆ ಲಸಿಕೆಯಿಲ್ಲ, ಮಾತ್ರೆಯಿಂದ ವಾಸಿಯಾಗುತ್ತೆ. ನೀರಿನಿಂದ ಬರುವ ಎ ಬಗೆಗೆ ಲಸಿಕೆಯುಂಟು. ಅಬ್ಬಿ ನೀರಿನ ಲೈನ್ ಮನೆಗಳಲ್ಲಿ ಕುದಿಸಿ ಕುಡಿಯುವುದನ್ನೂ ಬಿಡುವಂತಿಲ್ಲ.

ವೈರಸ್ ಇಲ್ಲದವರಿಗೆ ಹೆಪಟೈಟಿಸ್ ಬಿ ಲಸಿಕೆ. ಅದು ಮಕ್ಕಳಿಗಲ್ಲವೇ ಎನ್ನುವವರುಂಟು. ಸರ್ಕಾರ ಅದನ್ನು ಇಡೀ ದೇಶದ ಮಕ್ಕಳಿಗೆ ವಿಸ್ತರಿಸಿದ್ದು 2011ರ ಹೊತ್ತಿಗೆ. ಇಂದು ತೋಟದಲ್ಲಿ ದುಡಿಯುವ ಮೂವತ್ತು ನಲವತ್ತರ ಪ್ರಾಯದವರಿಗೆ ಯಾರು ಕೊಟ್ಟಿದ್ದರು? 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸಿದ ಮೇಲೆ ಬೆಲೆಯೂ ಇಳಿಯಿತು. ಜೀವಂತ ವೈರಸ್ ಇದರಲ್ಲಿಲ್ಲ, ಸ್ಟೀರಾಯ್ಡ್ ನುಂಗುವವರೂ ಹಾಕಿಸಿಕೊಳ್ಳಬಹುದು. ಆದರೆ ಶಕ್ತಿ ಕುಗ್ಗಿದ ಮೇಲೆ ಹಾಕಿದರೆ ಪರಿಣಾಮ ಕಡಿಮೆ. ರೋಗ ಪತ್ತೆಯಾದ ಕೂಡಲೇ ಮೊದಲ ಸೂಜಿ ಬೀಳಬೇಕೆನ್ನುವುದು ಅದಕ್ಕೇ. ಮೂರೂ ಮುಗಿದು ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಅಳೆಯಬೇಕು. ಲೀಟರಿಗೆ 10 ಯೂನಿಟ್ಟಿಗಿಂತ ಕಡಿಮೆಯಿದ್ದರೆ ಮತ್ತೊಂದು ಸುತ್ತು.

ಒಂದು ಸೂಜಿಗಾಗಿ ಮೂರು ಸಲ ಘಟ್ಟ ಇಳಿಯಿರಿ ಎಂದರೆ ಬಡವ ಇಳಿಯುವುದಿಲ್ಲ. ಘಟ್ಟದ ಕೆಳಗಿನ ವೈದ್ಯರ ಚೀಟಿ ಹಿಡಿದು ಬಂದವನಿಗೆ ಕಳಸ, ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಗಳಲ್ಲೇ ಪರೀಕ್ಷೆಯೂ ಲಸಿಕೆಯೂ ಸಿಗುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ನೋಡಿಕೊಳ್ಳಬೇಕು. ತೋಟದ ಮಾಲೀಕರಿಗೂ ಇದರಲ್ಲಿ ಪಾಲಿದೆ. ಎರಡನೇ ಸೂಜಿ ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಜೂನ್ ಮಳೆಯಲ್ಲಿ ಶುರುಮಾಡಿದರೆ ಕೊನೆಯದು ಬೀಳುವುದು ಡಿಸೆಂಬರಿಗೆ, ಕಾಫಿ ಕೊಯ್ಲಿನ ನಟ್ಟನಡುವೆ. ಕೂಲಿ ಬಿಟ್ಟು ಯಾರು ಬಂದಾರು? ಆ ದಿನದ ಸಂಬಳವನ್ನೂ ಬರೆದುಕೊಳ್ಳುವಂತೆ ರೈಟರಿಗೆ ಹೇಳಲಿ. ಅಷ್ಟರ ಮೇಲೂ ತಪ್ಪಿಹೋದರೆ ಕೊಯ್ಲು ಮುಗಿದ ಮೇಲಾದರೂ ಹಾಕಿಸಬಹುದು, ಮೊದಲಿಂದ ಶುರುಮಾಡಬೇಕಿಲ್ಲ.