ಗುಳಿಗೆಯ ಗುಣ ಮನೆಯವರಿಗೂ ತಿಳಿಯಲಿ

ಗುಣವಾಗದ ಕಾಯಿಲೆಯವರ ನೋವನ್ನಾದರೂ ತಗ್ಗಿಸುವುದು ವೈದ್ಯರ ಧರ್ಮವೆಂಬ ಭಾವನೆ ನಮ್ಮಲ್ಲಿ ನಿಧಾನವಾಗಿ ಬೇರೂರುತ್ತಿದೆ. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಸಂಸ್ಥೆಗಳೂ ಇವೆ. ಆದರೆ ಈ ಉಪಶಮನ ಚಿಕಿತ್ಸೆಯ ಬಹುಭಾಗ ನಡೆಯುವುದು ಮನೆಗಳಲ್ಲಿ, ಔಷಧಿಯ ಹೆಸರನ್ನೂ ಓದಲಾರದ ಸೊಸೆಯ ಅಥವಾ ಮಗಳ ಕೈಯಲ್ಲಿ.

ಹಿರಿಯೂರಿನ ಬಳಿಯ ಆದಿವಾಲದ ಮನೆಯೊಂದರಲ್ಲಿ ವೃದ್ಧರೊಬ್ಬರು ಹಾಸಿಗೆ ಹಿಡಿದಿದ್ದಾರೆಂದು ಇಟ್ಟುಕೊಳ್ಳೋಣ. ಕ್ಯಾನ್ಸರಿನ ಗಂಟು ನರವನ್ನೊತ್ತಿ ಕಾಲಿಗೆ ಕೆಂಡ ಸುರಿದಂತೆ ಉರಿ. ದೂರದ ಬೆಂಗಳೂರಿನ ವೈದ್ಯರು ಗ್ಯಾಬಪೆಂಟಿನ್ ಬರೆದುಕೊಟ್ಟರು, ಉರಿ ಇಳಿಯಿತು. ಕೆಲವು ದಿನಗಳಲ್ಲಿ ಕೈಕಾಲು ಇದ್ದಕ್ಕಿದ್ದಂತೆ ಎಗರತೊಡಗಿದವು. ಮೂಲೆಯಲ್ಲಿ ಯಾರೋ ನಿಂತಿದ್ದಾರೆಂದು ವೃದ್ಧರು ಕೈ ತೋರಿಸಿದರು. ಮನೆಯವರು ಏನೆಂದುಕೊಂಡಾರು? ಹಿರಿಯರು ಕರೆಯಲು ಬಂದರು, ಇನ್ನೇನೂ ಉಳಿದಿಲ್ಲವೆಂದು ನೆಂಟರಿಗೆ ಹೇಳಿಕಳಿಸಿದರು.

ಅದು ಸಾವಿನ ಸುಳಿವೇ ಇರಬಹುದು. ಗುಳಿಗೆಯ ಕೆಲಸವೂ ಇರಬಹುದು. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್‌ಗಳೆರಡೂ ದೇಹದಿಂದ ಹೊರಹೋಗುವುದು ಬಹುಮಟ್ಟಿಗೆ ಮೂತ್ರಪಿಂಡಗಳ ಮೂಲಕವೇ. ಮುಪ್ಪಿನಲ್ಲಿ, ಅದರಲ್ಲೂ ನೀರು ಕುಡಿಯುವುದೇ ಕಡಮೆಯಾದಾಗ, ಮೂತ್ರಪಿಂಡಗಳ ಶಕ್ತಿ ಕುಗ್ಗುತ್ತದೆ. ಆಗ ನಿನ್ನೆಯ ಹದವಾದ ಪ್ರಮಾಣವೇ ಇಂದು ಅತಿಯಾಗುತ್ತದೆ. ತೂಕಡಿಕೆ, ತಲೆಸುತ್ತು, ಪಾದದ ಬಾವು ಎಲ್ಲರಿಗೂ ಗೊತ್ತಿರುವಂಥವು. ಎಗರಾಟ, ಇಲ್ಲದ್ದನ್ನು ಕಾಣುವ ಭ್ರಮೆ, ಇವು ಅಪರೂಪ. ಮಾರ್ಫಿನ್ ಜೊತೆಗೂಡಿದರೆ ಉಸಿರೇ ಮಂದವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಈ ಎಚ್ಚರಿಕೆ ಕೊಟ್ಟಿತು. ವೈದ್ಯರು ಪ್ರಮಾಣವನ್ನು ತಗ್ಗಿಸಿದರೆ ಎಷ್ಟೋ ವೇಳೆ ರೋಗಿಗೆ ಮತ್ತೆ ತಿಳಿವು ಬರುತ್ತದೆ. ಮೊಮ್ಮಗನನ್ನು ಹೆಸರು ಹಿಡಿದು ಕರೆಯಬಲ್ಲ ಹತ್ತು ದಿನಗಳು ಆ ಮನೆಗೆ ಸಣ್ಣ ಲಾಭವೆ?

ಅಪರೂಪದ ತೊಂದರೆಗಳನ್ನು ಹೇಳಿ ಬಡವರನ್ನು ಹೆದರಿಸಬಾರದೆಂದು ಕೆಲವು ವೈದ್ಯಮಿತ್ರರು ವಾದಿಸುತ್ತಾರೆ. ಹೆದರಿದವರು ಗುಳಿಗೆಯನ್ನು ಬಿಸಾಡುವರು, ಉರಿ ಮರಳುವುದು ಎಂಬುದು ಅವರ ಅಳಲು. ಮಾತಿನಲ್ಲಿ ಹುರುಳಿಲ್ಲದಿಲ್ಲ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಉಂಟು. ಆದರೆ ತಾನಾಗಿಯೇ ನಿಲ್ಲಿಸಬಾರದೆಂಬುದನ್ನೂ ಹೇಳಬೇಕಾದುದು ಅವರಿಗೇ ಅಲ್ಲವೆ? ತಿಳಿಯದವರ ಭಯಕ್ಕೆ ಮಿತಿಯಿಲ್ಲ. ಹಗಲಿರುಳು ಹಾಸಿಗೆಯ ಬಳಿ ಕೂತವಳಿಗೆ ಕಾಣುವುದು ತಿಂಗಳಿಗೊಮ್ಮೆ ನೋಡುವವರಿಗೆ ಕಾಣದು.

ನಾನು ಕೇಳುವುದು ಹೆಚ್ಚೇನಲ್ಲ. ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು: ಕೈಕಾಲು ಎಗರಿದರೆ, ಇಲ್ಲದ್ದು ಕಂಡರೆ, ಎಬ್ಬಿಸಿದರೂ ಏಳದಿದ್ದರೆ, ಮೂತ್ರ ಕಡಮೆಯಾದರೆ ಕೂಡಲೇ ತಿಳಿಸಿ. ಕೆಳಗೆ, ರಾತ್ರಿಯೂ ಯಾರಾದರೂ ಎತ್ತುವ ಒಂದು ಫೋನ್ ನಂಬರು.