ಘಟ್ಟದ ದಾರಿಗೆ ಯಾವ ವಾಕಿಟಾಕಿ?

ದರ್ಬೆಯಿಂದ ನಾಲ್ಕೈದು ಕಾರು ಮಾಡಿಕೊಂಡು ಸಕಲೇಶಪುರದ ಕಾಫಿ ತೋಟ ನೋಡಲು ಹೊರಡುವುದು ನಮ್ಮ ಬೆಳೆಗಾರರಿಗೆ ಹೊಸತಲ್ಲ. ನೆಲ್ಯಾಡಿ ದಾಟುವವರೆಗೆ ಎಲ್ಲವೂ ಸರಿ. ಗುಂಡ್ಯದಿಂದ ಮೇಲೆ ಶಿರಾಡಿಯ ತಿರುವುಗಳಲ್ಲಿ ಮೊಬೈಲು ಕೈಕೊಟ್ಟೊಡನೆ, ಹಿಂದಿನ ಕಾರು ಬರುತ್ತಿದೆಯೋ ಇಲ್ಲವೋ ಎಂಬ ಕಳವಳ ಆರಂಭ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ದಾರಿಗಳು ಭೂಕುಸಿತದಿಂದ ಮುಚ್ಚಿದ್ದನ್ನು ಕಂಡ ನಾವು ಇದನ್ನು ಹಗುರವಾಗಿ ಎಣಿಸುವಂತಿಲ್ಲ.

ಆದುದರಿಂದ ಕಾರಿಗೊಂದು ವಾಕಿಟಾಕಿ ಇರಲೆಂಬ ಸದಸ್ಯರ ಸಲಹೆ ಯೋಗ್ಯವೇ. ಆದರೆ ‘ಹತ್ತು ಮೈಲಿ ಕೇಳುತ್ತದೆ’ ಎಂಬ ಮಾತಿಗೆ ಮರುಳಾಗಿ ಐದು ವಾಟಿನ ಸೆಟ್ಟು ಕೊಳ್ಳಬಾರದು. ಅಂಥವುಗಳಿಗೆ ಸಾಮಾನ್ಯವಾಗಿ ಸರಕಾರದ ಲೈಸೆನ್ಸು ಬೇಕು. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನ, ಅರ್ಧ ವಾಟು ಮೀರದ ಸೆಟ್ಟಿಗೆ ಲೈಸೆನ್ಸು ಬೇಡ. ಕೊಳ್ಳುವಾಗ ಮಾದರಿ ಅನುಮೋದನೆ ಇದೆಯೇ ಎಂದು ವಿಚಾರಿಸತಕ್ಕದ್ದು.

ಅರ್ಧ ವಾಟು ಸಾಲದೆಂಬ ಆಕ್ಷೇಪವುಂಟು. ಈ ಅಲೆಗಳು ಹೆಚ್ಚಾಗಿ ನೇರ ದಾರಿ ಹಿಡಿಯುವವು. ನಡುವೆ ಗುಡ್ಡ ನಿಂತರೆ ಐದು ವಾಟೂ ಹೆಚ್ಚೇನೂ ಸಾಧಿಸದು. ಕಾರಿನ ತಗಡೂ ತಡೆಯೇ. ಆದ್ದರಿಂದ ಒಂದೆರಡು ತಿರುವಿನ ಅಂತರದಲ್ಲೇ ಸಾಗುವ ಶಿಸ್ತು ಮುಖ್ಯ. ಎಲ್ಲರಿಗೂ ಒಂದೇ ಚಾನೆಲು. ಮಾತು ಚಾಲಕನದಲ್ಲ, ಪಕ್ಕದಲ್ಲಿ ಕುಳಿತವರದು. ಕೊನೆಯ ಕಾರಿನಿಂದ ‘ಬಂದೆವು’ ಎಂಬ ಮಾತು ಕೇಳದಿದ್ದರೆ ಮುಂದಿನವರು ಸುರಕ್ಷಿತ ಜಾಗದಲ್ಲಿ ಕಾಯಬೇಕು.

ಒಬ್ಬೊಬ್ಬರು ಕೊಂಡು ಕಪಾಟಿನಲ್ಲಿಡುವ ಬದಲು, ಸಂಘವೇ ಆರು ಸೆಟ್ಟು ಕೊಂಡು ಹೊರಟವರಿಗೆ ಕೊಡಲಿ ಎಂಬುದು ನಮ್ಮ ಅಭಿಮತ. ಮದ್ದು ಬಿಡುವ ಪಂಪನ್ನು ಹಂಚಿಕೊಂಡು ಬಳಸಿದ ನಮಗೆ ಇದೇನು ಕಷ್ಟವೇ?