ಶಾಲೆಗೆ ಹೋಗದ ಮಗುವಿಗೆ ಸಂಗಾತಿ ಯಾರು?

ಮಗುವಿಗೆ ಜ್ವರ ಬಂದರೆ ವೈದ್ಯರಿರುವರು. ಲೆಕ್ಕ ಬಾರದಿದ್ದರೆ ಮನೆಪಾಠದ ಮೇಷ್ಟರಿರುವರು. ಮಗುವಿಗೆ ಗೆಳೆಯರೇ ಇಲ್ಲದಿದ್ದರೆ ತಾಯಿಯು ಯಾರ ಬಾಗಿಲನ್ನು ತಟ್ಟಬೇಕು? ದಾವಣಗೆರೆಯ ಸೋದರಿಯೊಬ್ಬರು ಈ ಅಂಕಣಕ್ಕೆ ಬರೆದು ಕೇಳಿರುವ ಪ್ರಶ್ನೆಯಿದು. ಎಂಟು ವರ್ಷದ ಮಗನನ್ನು ಅವರು ಕಳೆದ ಜೂನ್ ತಿಂಗಳಿನಿಂದ ಶಾಲೆಗೆ ಕಳುಹಿಸಿಲ್ಲ, ತಾವೇ ಕಲಿಸುತ್ತಿದ್ದಾರೆ. ಹುಡುಗನು ಭಾಗಾಕಾರವನ್ನು ತಪ್ಪಿಲ್ಲದೆ ಮಾಡುತ್ತಾನಂತೆ, ಕನ್ನಡವನ್ನು ಸ್ಫುಟವಾಗಿ ಓದುತ್ತಾನಂತೆ. ಆದರೂ ಹರಿಹರದಲ್ಲಿರುವ ಅತ್ತೆಯವರದು ಬಂದಾಗಲೆಲ್ಲ ಒಂದೇ ಮಾತು: “ಮನ್ಯಾಗ ಬೆಳೆದ ಹುಡುಗ ನಾಳೆ ಮಂದ್ಯಾಗ ಹೆಂಗ ಬಾಳ್ತಾನವ್ವಾ?”

ಅತ್ತೆಯವರ ಮಾತನ್ನು ಹಳೆಯ ಕಾಲದ ಹೆದರಿಕೆಯೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಸೊಸೆಯು ಮಾಡಿರುವುದು ಕೇಳರಿಯದ ಸಾಹಸವೂ ಅಲ್ಲ. ನಮ್ಮ ನಾಡಿನಲ್ಲಿ ಇದಕ್ಕೆ ದೊಡ್ಡ ನಿದರ್ಶನವೇ ಉಂಟು. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಡಾ. ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಬೆಳೆಸಿದರು. ‘ಬಾಲ ಪ್ರಪಂಚ’ದಂತಹ ಮಕ್ಕಳ ವಿಶ್ವಕೋಶವನ್ನು ಒಬ್ಬರೇ ಬರೆದ ತಂದೆಗೆ ಶಾಲೆಯ ಪಠ್ಯಪುಸ್ತಕವು ರುಚಿಸದೆ ಹೋದುದರಲ್ಲಿ ಆಶ್ಚರ್ಯವೇನಿದೆ? ಆ ಮಕ್ಕಳು ಮಂದಿಗೆ ಅಂಜುವವರಾಗಲಿಲ್ಲ. ಮಗಳು ಮಾಳವಿಕಾ ಕಪೂರ್ ಅವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ ಮಕ್ಕಳ ಮನಸ್ಸನ್ನೇ ತಮ್ಮ ಅಧ್ಯಯನದ ವಿಷಯವಾಗಿಸಿಕೊಂಡರು. ಮಗ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬಳಿಕ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು.

ಈ ನಿದರ್ಶನವನ್ನು ಹೇಳಿದೊಡನೆ ಕೆಲವು ತಾಯಂದಿರು ನಿಟ್ಟುಸಿರು ಬಿಟ್ಟು ನೆಮ್ಮದಿ ತಾಳಿಯಾರು. ತುಸು ತಾಳಿರಿ. ಕಾರಂತರ ಮನೆಯೆಂದರೆ ನಾಟಕ, ನೃತ್ಯ, ಯಕ್ಷಗಾನ, ಮುದ್ರಣ, ಬಂದುಹೋಗುವ ಅತಿಥಿಗಳು, ಸುತ್ತ ಕಾಡು, ಇವೆಲ್ಲ ಸೇರಿದ ಒಂದು ಪುಟ್ಟ ಜಗತ್ತು. ದಾವಣಗೆರೆಯ ಬಡಾವಣೆಯೊಂದರ ಎರಡನೆಯ ಮಹಡಿಯಲ್ಲಿ ಕದ ಮುಚ್ಚಿ ಕುಳಿತ ತಾಯಿ-ಮಗನ ಜಗತ್ತು ಅದಲ್ಲ.

ಸೋದರಿಯವರು ಕಾನೂನನ್ನೂ ಕುರಿತು ಕೇಳಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಿ ಉಚಿತ ವಿದ್ಯೆಯ ಹಕ್ಕನ್ನು ಕೊಡುತ್ತದೆ. ಅದರ 10ನೆಯ ಕಲಮಿನಂತೆ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ. ತಪ್ಪಿದ ತಂದೆತಾಯಿಗೆ ದಂಡನೆಯನ್ನು ಮಾತ್ರ ಆ ಕಾಯಿದೆಯಲ್ಲಿ ಹೇಳಿಲ್ಲ. ಮನೆಯಲ್ಲಿ ಕಲಿಸುವವರು ಈ ಸಂದಿಯಲ್ಲಿಯೇ ನಡೆಯುತ್ತಿದ್ದಾರೆ.

ಈ ಕರ್ತವ್ಯವನ್ನು ಬರೆದಾಗ ಶಾಸನಕರ್ತರ ಕಣ್ಣಮುಂದೆ ಇದ್ದ ಮಗು ಯಾವುದು? ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಮಿರ್ಚಿಯ ಜೊತೆಗೆ ನಾವು ಬಾಯಿಗೆ ಹಾಕಿಕೊಳ್ಳುವ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಿವೆಯಲ್ಲ, ಅಲ್ಲಿನ ಹೊಗೆ, ಬೂದಿ, ಬಿಸಿಮರಳಿನ ನಡುವೆ ಹಿರಿಯರ ಕೈಗೆ ಕೈ ಸೇರಿಸಿ ದುಡಿದು, ಪುಸ್ತಕದ ಚೀಲವನ್ನೇ ಕಾಣದೆ ಬೆಳೆದ ಮಕ್ಕಳನ್ನು ಈ ಊರು ಕಂಡಿದೆ. ಆ ಮಗುವೂ ಶಾಲೆಯ ಹೊರಗೆ, ಈ ಸೋದರಿಯ ಮಗನೂ ಶಾಲೆಯ ಹೊರಗೆ. ಹಾಜರಿ ಪುಸ್ತಕವು ಇಬ್ಬರಲ್ಲಿ ಭೇದವನ್ನು ಕಾಣದು. ಓದಿದ ತಾಯಿಗಾಗಿ ಕಟ್ಟನ್ನು ಸಡಿಲಿಸಿದರೆ ಆ ಸಡಿಲಿನಲ್ಲಿ ಮೊದಲು ಜಾರಿ ಬೀಳುವವನು ಭಟ್ಟಿಯ ಹುಡುಗನೇ. ಆದುದರಿಂದ ಕಾನೂನು ಬಿಗಿಯಾಗಿದೆಯೆಂದು ಗೊಣಗುವವರ ಜೊತೆಗೆ ನನ್ನ ದನಿ ಸೇರದು.

ಪರೀಕ್ಷೆಯ ಚಿಂತೆ ಸದ್ಯಕ್ಕೆ ಬೇಡ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು ಹದಿನಾಲ್ಕು ತುಂಬಿದವರನ್ನು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳುತ್ತದೆ. ಹುಡುಗನಿಗೆ ಇನ್ನೂ ಆರು ವರ್ಷದ ಬಿಡುವಿದೆ.

ಇನ್ನು ಸಂಗದ ಮಾತು. ಶಾಲೆಗೆ ಹೋದ ಮಾತ್ರಕ್ಕೆ ಮಗುವಿಗೆ ಮಂದಿಯ ಪರಿಚಯವಾಗುವುದೆಂದು ಅತ್ತೆಯವರು ನಂಬಿದಂತಿದೆ. ಬೆಳಗಿನ ಹೊತ್ತು ಹರಿಹರದಿಂದ ದಾವಣಗೆರೆಗೆ ಹೊರಡುವ ಶಾಲೆಯ ಬಸ್ಸುಗಳನ್ನು ಒಮ್ಮೆ ನೋಡಬೇಕು. ಹದಿನಾಲ್ಕು ಕಿಲೋಮೀಟರಿನ ದಾರಿಯಲ್ಲಿ ಅರ್ಧ ಮಕ್ಕಳಿಗೆ ತೂಕಡಿಕೆ. ತರಗತಿಯಲ್ಲಿ ಅದೇ ವಯಸ್ಸಿನವರು, ಹೆಚ್ಚುಕಡಿಮೆ ಅಷ್ಟೇ ಶುಲ್ಕ ತೆರಬಲ್ಲ ಮನೆಗಳವರು. ಮಾತನಾಡಿದರೆ ಮೇಷ್ಟರ ಗದರಿಕೆ. ಸಂಜೆ ಮರಳಿದರೆ ಟ್ಯೂಷನ್. ಇದನ್ನು ಮಂದಿಯ ನಡುವಿನ ಬಾಳು ಎನ್ನುವುದಾದರೆ ರೈಲ್ವೆ ನಿಲ್ದಾಣದ ಕಾಯುವ ಕೊಠಡಿಯನ್ನೂ ಹಾಗೆಯೇ ಕರೆಯಬಹುದು!

ಆದರೂ ಬಡ ಶಾಲೆಯಾಗಲಿ ಸಿರಿವಂತ ಶಾಲೆಯಾಗಲಿ, ಒಂದು ವಸ್ತುವನ್ನು ಮಗುವಿಗೆ ಕೊಡುತ್ತದೆ. ಅದನ್ನು ಕೊಡುವುದು ತಾಯಿಗೆ ಕಷ್ಟ. ತಾನು ಆರಿಸಿಕೊಳ್ಳದ ಸಂಗಾತಿಯೇ ಆ ವಸ್ತು. ಸೋದರಿಯವರು ತಮ್ಮ ಮಗನಿಗೆ ಚದುರಂಗದ ತರಗತಿಯಿದೆ, ಈಜುಕೊಳವಿದೆ, ಭಾನುವಾರಕ್ಕೆ ಚಿಕ್ಕಮ್ಮನ ಮಕ್ಕಳಿದ್ದಾರೆ ಎಂದು ಪಟ್ಟಿ ಮಾಡಿದ್ದಾರೆ. ಪಟ್ಟಿ ದೊಡ್ಡದೇ. ಆದರೆ ಅಲ್ಲಿರುವ ಪ್ರತಿಯೊಬ್ಬ ಗೆಳೆಯನೂ ತಾಯಿಯ ಸೋಸುವಿಕೆಯಿಂದ ಇಳಿದು ಬಂದವನು. ಜಗಳವಾಡಿದ ಹುಡುಗನ ಮುಖವನ್ನು ಮಾರನೆಯ ದಿನ ಮತ್ತೆ ನೋಡಲೇಬೇಕಾದ ಪ್ರಸಂಗ ಈ ಮಗುವಿಗೆ ಎಂದಾದರೂ ಬಂದಿದೆಯೆ? ಲಗೋರಿಯಲ್ಲಿ ಮೊದಲ ಚೆಂಡಿಗೇ ಔಟಾಗಿ, ಅತ್ತು, ಯಾರೂ ಸಮಾಧಾನ ಮಾಡದಿರುವಾಗ ತಾನೇ ಕಣ್ಣೊರೆಸಿಕೊಂಡು ಮುಂದಿನ ಆಟಕ್ಕೆ ನಿಂತಿದ್ದಾನೆಯೆ? ಅಮ್ಮನು ಕಿಟಕಿಯಲ್ಲಿ ನಿಂತಿರುವವರೆಗೆ ಇದು ನಡೆಯಲಾರದು.

ಕೊರೊನಾ ಕಾಲವು ಈ ವಿಷಯದಲ್ಲಿ ನಮ್ಮೆಲ್ಲರಿಗೂ ಪಾಠ ಹೇಳಿದೆ. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಕೂಸು ಎರಡನೆಯ ತರಗತಿಯ ನಡುವಿನಲ್ಲಿ ಶಾಲೆಯ ಬಾಗಿಲನ್ನು ಕಂಡಿತು. ನಡುವೆ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಯೋಜನೆ ಬಂದಿತು. ಶಿಕ್ಷಕರೇ ಊರೂರಿಗೆ ಹೋಗಿ, ಮರದ ನೆರಳಿನಲ್ಲಿ, ಗುಡಿಯ ಅಂಗಳದಲ್ಲಿ, ದೊಡ್ಡ ಚಿಕ್ಕ ಮಕ್ಕಳನ್ನು ಗುಂಪಾಗಿ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ತಡೆದದ್ದು ಬೇರೆ ಮಾತು. ಮೊಬೈಲಿನ ಪಾಠದ ಎದುರು ಮಂಕಾಗಿ ಕುಳಿತಿದ್ದ ಮಕ್ಕಳು ಮರದಡಿಯ ಪಾಠಕ್ಕೆ ಓಡಿಹೋದುದು ಅಕ್ಷರದ ಆಸೆಯಿಂದಲ್ಲ. ಪಕ್ಕದಲ್ಲಿ ಇನ್ನೊಂದು ಮಗು ಕುಳಿತಿರುವುದೆಂಬ ಆಸೆಯಿಂದ. ನಾನಂತೂ ಹಾಗೆಯೇ ತಿಳಿದಿದ್ದೇನೆ.

ಹಾಗಾದರೆ ಈ ಸೋದರಿಯವರು ಮಾಡಬೇಕಾದುದೇನು? ನನಗೆ ತೋರುವ ಮೊದಲ ದಾರಿ ಅತ್ತೆಯವರ ಮನೆಯೇ. ಶುಕ್ರವಾರ ಸಂಜೆ ಹುಡುಗನನ್ನು ಹರಿಹರಕ್ಕೆ ಕಳುಹಿಸಲಿ. ತಾವು ದಾವಣಗೆರೆಯಲ್ಲಿಯೇ ಉಳಿಯಲಿ. ಹರಿಹರೇಶ್ವರನ ಗುಡಿ 1224ರಲ್ಲಿ ಕಟ್ಟಿದ್ದು. ಯಾವ ಶುಲ್ಕದ ಮಕ್ಕಳೆಂದು ಕೇಳದೆ ಕಂಬಗಳ ಮರೆಯಲ್ಲಿ ಕಣ್ಣಾಮುಚ್ಚಾಲೆಗೆ ಎಡೆಗೊಟ್ಟ ಅಂಗಳಗಳು ಇಂತಹವೇ ಅಲ್ಲವೆ? ಅಜ್ಜಿಯ ಓಣಿಯಲ್ಲಿ ಇವನ ಹೆಸರನ್ನು ಕೆಡಿಸಿ ಕರೆಯುವ ನಾಲ್ವರು ಹುಡುಗರು ಸಿಕ್ಕರೆ ಅವರೇ ಗುರುಗಳು. ಹೊಳೆಯ ಕಡೆಗೆ ಮಾತ್ರ ದೊಡ್ಡವರಿಲ್ಲದೆ ಬಿಡಬಾರದು. ತುಂಗಭದ್ರೆಗೆ ಮಕ್ಕಳಾಟ ತಿಳಿಯದು.

ಇನ್ನೊಂದು ದಾರಿಯೂ ಉಂಟು. ಹರಿಹರ ತಾಲೂಕಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವಿರುವುದನ್ನು ಈ ಭಾಗದವರೆಲ್ಲ ಬಲ್ಲರು. ಆ ಸಂಸ್ಥೆಯಲ್ಲಿ ಶಾಲೆಗೆ ಸೇರದ ಮಕ್ಕಳಿಗೂ ತೆರೆದ ದಳಗಳಿಗೆ ಅವಕಾಶವಿದೆ. ಎಂಟರ ಹುಡುಗನು ಕಬ್ ಆಗಬಹುದು. ಡೇರೆಯಲ್ಲಿ ಪಕ್ಕಕ್ಕೆ ಮಲಗುವವನು ಯಾರೆಂಬುದನ್ನು ಅಲ್ಲಿ ಅಮ್ಮ ನಿರ್ಧರಿಸುವುದಿಲ್ಲ.

ಇಷ್ಟೆಲ್ಲ ಬರೆಯುವಾಗ ಹುಡುಗನ ಅಭಿಪ್ರಾಯವೇನೆಂಬುದು ಮಾತ್ರ ನನಗೆ ತಿಳಿಯಲಿಲ್ಲ. ಅವನನ್ನೇ ಕೇಳಿ ನೋಡಿರಿ. ನಾಳೆ ಅವನು ಶಾಲೆಯೇ ಬೇಕೆಂದರೆ, ಒಂದು ವರ್ಷ ತಪ್ಪಿತೆಂದು ಕಿರಿಯರ ಜೊತೆಗೆ ಕೂರಿಸಬೇಕಾಗಿಲ್ಲ. ಅದೇ ಕಾಯಿದೆಯ 4ನೆಯ ಕಲಮಿನ ಪ್ರಕಾರ ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿಯನ್ನೂ ಕೊಡಬೇಕು. ಜನನ ಪ್ರಮಾಣಪತ್ರವನ್ನು ಮಾತ್ರ ಈಗಲೇ ಹುಡುಕಿಟ್ಟುಕೊಳ್ಳಿರಿ.